ಐದೂವರೆ ವರ್ಷದ ಮಗಳಿಗೆ ಮೊಲವೇ ಬೇಕಂತೆ. ಏನು ಮಾಡಲಿ?

ಬನಶಂಕರಿ ಅಮ್ಮ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಪಕ್ಕದ ಬ್ಲಾಕಿನ ಮನೆಗೆ ಬಿಳಿ ಮೊಲ ಬಂದ ದಿನದಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ. ಹಲ್ಲುಜ್ಜುವಾಗ ಮೊಲ, ಊಟಕ್ಕೆ ಕೂತರೆ ಮೊಲ, ಮಲಗುವಾಗಲೂ ಮೊಲ. ಮಗಳ ಹುಟ್ಟುಹಬ್ಬಕ್ಕೆ ಇನ್ನೆರಡು ತಿಂಗಳಿದೆ. "ನಾನೇ ಎಲ್ಲ ನೋಡ್ಕೋತೀನಿ" ಅಂತ ದೇವರ ಮನೆ ಮುಂದೆ ನಿಂತು ಆಣೆ ಇಟ್ಟಿದ್ದಾಳೆ. ತನ್ನ ಚಪ್ಪಲಿಯನ್ನು ಜಾಗಕ್ಕೆ ಇಡುವುದಿಲ್ಲ, ಅದು ಬೇರೆ ಮಾತು.

ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಒಂದು ಪುಟ್ಟ ಬಾಲ್ಕನಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅತ್ತೆ ಮನೆಯಲ್ಲಿರುತ್ತಾರೆ, ಆದರೆ ಅವರಿಗೆ ಧೂಳು ಆಗುವುದಿಲ್ಲ, ಚಳಿಗಾಲ ಬಂತೆಂದರೆ ಉಬ್ಬಸ. ಹಬ್ಬಕ್ಕೆ, ಬೇಸಿಗೆ ರಜೆಗೆ ತೀರ್ಥಹಳ್ಳಿ ಕಡೆ ಊರಿಗೆ ಹೋಗುತ್ತೇವೆ. ನಾಯಿ ಬೇಡ ಅಂತ ಯಜಮಾನರು ಮೊದಲೇ ಹೇಳಿಬಿಟ್ಟಿದ್ದಾರೆ. ಮೊಲ, ಹ್ಯಾಮ್‌ಸ್ಟರ್, ಲವ್ ಬರ್ಡ್ಸ್, ಮೀನು, ಇಷ್ಟರಲ್ಲಿ ಯಾವುದು ಸುಲಭ? ಸಾಕಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಎರಡು ಮೊಲದ ಅಪ್ಪ

ಅಕ್ಕಾ, ನನ್ನ ಕಥೆ ಕೇಳಿ, ಆಮೇಲೆ ನಿರ್ಧಾರ ಮಾಡಿ.

ಮೂರು ವರ್ಷದ ಹಿಂದೆ ಮಗನಿಗೆ ಅಂತ ಎರಡು ಮರಿ ತಂದೆ. "ಎರಡೂ ಹೆಣ್ಣು ಸರ್, ಇಷ್ಟೇ ದೊಡ್ಡದಾಗೋದು" ಅಂತ ಅಂಗಡಿಯವನು ಅಂಗೈ ತೋರಿಸಿದ್ದ. ಆರು ತಿಂಗಳಿಗೆ ಒಂದೊಂದೂ ಎರಡು ಕಿಲೋ ದಾಟಿತು. ಅಷ್ಟರಲ್ಲಿ ಒಂದು ದಿನ ಗೂಡಿನ ಮೂಲೆಯಲ್ಲಿ ಕೂದಲಿನ ರಾಶಿ, ಅದರೊಳಗೆ ಆರು ಮರಿ! ಎರಡೂ ಹೆಣ್ಣಾಗಿರಲಿಲ್ಲ. ಮೊಲದ ಗರ್ಭ ಬರೀ ಒಂದು ತಿಂಗಳು. ಹೆತ್ತ ಬೆನ್ನಿಗೇ ಮತ್ತೆ ಗಬ್ಬ ಆಗಬಹುದು ಅನ್ನುವುದು ನಮಗೆ ಎರಡನೇ ಸೂಲಿನಲ್ಲಿ ತಿಳಿಯಿತು. ಮರಿಗಳನ್ನು ಯಾರಿಗೆ ಕೊಡುವುದು ಅಂತ ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಾ ಕಡೆ ಕೇಳಿದ್ದೇನೆ. ಜನ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಅದಾದರೂ ನಗುವ ಮಾತು. ನಗಲು ಆಗದ್ದು ಇನ್ನೊಂದಿದೆ. ಮೊಲಕ್ಕೆ ಎತ್ತಿಕೊಂಡರೆ ಆಗುವುದಿಲ್ಲ. ಕಾಲು ನೆಲ ಬಿಟ್ಟರೆ ಹದ್ದು ಹೊತ್ತೊಯ್ದಿತು ಅಂತಲೇ ಅದಕ್ಕೆ ಅನಿಸುವುದು. ಹಿಂಗಾಲಿನಿಂದ ಜೋರಾಗಿ ಒದೆಯುತ್ತದೆ. ಆ ಒದೆತದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ನಮ್ಮ ಮಗ ಸೋಫಾ ಮೇಲೆ ಎತ್ತಿಕೊಂಡು ಕೂತಿದ್ದ, ಅದು ಒದ್ದು ಜಿಗಿಯಿತು. ಆಮೇಲೆ ಅದರ ಹಿಂಭಾಗ ಏಳಲೇ ಇಲ್ಲ. ಅವನಿಗೆ ಆಗ ಆರು ವರ್ಷ. ಈಗಲೂ ಆ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾನೆ.

ಇನ್ನೊಂದು ಇದೆಯಲ್ಲ, ಅದಕ್ಕೆ ಈಗ ನಾನೇ ಅಪ್ಪ ಅಮ್ಮ ಎರಡೂ. ಕ್ಯಾರೆಟ್ ಚಿತ್ರದ ಪುಸ್ತಕದಲ್ಲಿ ಮಾತ್ರ. ನಿಜವಾಗಿ ಬೇಕಾದದ್ದು ಹುಲ್ಲು, ದಿನವಿಡೀ ಹುಲ್ಲು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಸವೆಯಬೇಕು. ಬ್ರೆಡ್ಡು, ಬಿಸ್ಕತ್ತು ಹಾಕಿದರೆ ಹೊಟ್ಟೆ ಕಟ್ಟುತ್ತದೆ. ಅರ್ಧ ದಿನ ಏನೂ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತಿತೆಂದರೆ "ನಾಳೆ ನೋಡೋಣ" ಅನ್ನುವ ಹಾಗಿಲ್ಲ, ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ನಾನು ಬೆಳಿಗ್ಗೆ ವಾಕಿಂಗ್ ಹೋಗಿ ಗರಿಕೆ ಕಿತ್ತು ತರುತ್ತೇನೆ. ಬೀದಿಯವರು ನಾನು ಭಾರಿ ಗಣಪತಿ ಭಕ್ತ ಅಂದುಕೊಂಡಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ಅಂದರೆ ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಬರೆಯುವ ತನಕ.

ಮೊಲ ಕೆಟ್ಟ ಪ್ರಾಣಿ ಅನ್ನುತ್ತಿಲ್ಲ. ನನ್ನ ಕಾಲ ಸುತ್ತ ಓಡಾಡಿಕೊಂಡಿರುತ್ತದೆ, ಬಹಳ ಪ್ರೀತಿ. ಆದರೆ ಅದು ದೊಡ್ಡವರು ಸಾಕುವ ಪ್ರಾಣಿ.

ಹಳೇ ಮೈಸೂರು

ಇಷ್ಟೆಲ್ಲ ಹೆದರಿಸಬೇಡಿ ಸ್ವಾಮಿ. ನಾವೆಲ್ಲ ಹುಡುಗರಾಗಿದ್ದಾಗ ಜಾತ್ರೆಯಲ್ಲಿ ಬಣ್ಣ ಹಚ್ಚಿದ ಕೋಳಿಮರಿ ತರುತ್ತಿದ್ದೆವು. ಗುಲಾಬಿ, ಹಸಿರು, ನೇರಳೆ. ಸಾಕಿದೆವು, ಆಡಿದೆವು, ಏನಾಯಿತು?

ನನ್ನ ಸಲಹೆ ಗಿಳಿ. ನಮ್ಮಜ್ಜನ ಮನೆಯಲ್ಲಿ ಪಡಸಾಲೆಯ ತೊಲೆಗೆ ಪಂಜರ ತೂಗುಬಿಟ್ಟಿದ್ದರು. ಬಂದವರಿಗೆಲ್ಲ "ಕಾಫಿ ಆಯ್ತಾ" ಅನ್ನುತ್ತಿತ್ತು. ಮೆಣಸಿನಕಾಯಿ, ಸೀಬೆಹಣ್ಣು ಕೊಟ್ಟರೆ ಸಾಕು. ಎತ್ತಿಕೊಳ್ಳುವ ಗೋಜಿಲ್ಲ, ಬೀಳಿಸುವ ಗೋಜಿಲ್ಲ.

ಕಾಡು ಸುತ್ತೋಣ

ಸರ್, ಗಿಳಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದ ಯಾವ ಗಿಳಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದಂಡವೂ ಇದೆ, ಜೈಲೂ ಇದೆ. ಪಂಜರದಲ್ಲಿ ಮಾರುವ ಕೆಂಪು ಮುನಿಯಾ, ಮೈನಾ ಎಲ್ಲದಕ್ಕೂ ಇದೇ ಮಾತು. ಅಂಗೈ ಅಗಲದ ನಕ್ಷತ್ರ ಆಮೆಯನ್ನು "ಮನೆಗೆ ಅದೃಷ್ಟ" ಅಂತ ಗುಟ್ಟಾಗಿ ಮಾರುತ್ತಾರೆ. ಅದು ಇನ್ನೂ ಗಂಭೀರ. ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿರುವ ಪ್ರಾಣಿ, 2019ರಿಂದ ಕಾಡಿನಿಂದ ಹಿಡಿದದ್ದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷೇಧ.

ಕಾನೂನು ಬಿಡಿ. ಗಿಳಿ ಮರಿ ಅಂಗಡಿಗೆ ಹೇಗೆ ಬರುತ್ತದೆ ಗೊತ್ತಾ? ಮರದ ಪೊಟರೆಗೆ ಕೈ ಹಾಕಿ ಪುಕ್ಕ ಬಾರದ ಮರಿಗಳನ್ನು ತೆಗೆಯುತ್ತಾರೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಹಾಕಿ ಸಾಗಿಸುತ್ತಾರೆ. ದಾರಿಯಲ್ಲೇ ಎಷ್ಟೋ ಸಾಯುತ್ತವೆ. ಉಳಿದದ್ದು ಪಡಸಾಲೆಗೆ ಬಂದು "ಕಾಫಿ ಆಯ್ತಾ" ಅನ್ನುತ್ತದೆ.

ಜಾತ್ರೆಯ ಕೋಳಿಮರಿ ಕಥೆಯೂ ಅಷ್ಟೇ. ಮೊಟ್ಟೆ ಇಡದ ಗಂಡುಮರಿ ಮೊಟ್ಟೆಕೋಳಿ ಸಾಕುವವರಿಗೆ ಬೇಡ. ಅದನ್ನೇ ಬಣ್ಣದಲ್ಲಿ ಅದ್ದಿ ಮಾರುತ್ತಾರೆ. ನಿಮ್ಮ ಮರಿ ಎಷ್ಟು ದಿನ ಬದುಕಿತ್ತು, ನೆನಪಿದೆಯಾ?

ಹಳೇ ಮೈಸೂರು

ನಾಲ್ಕು ದಿನ. ನೀವು ಕೇಳಿದ ಮೇಲೆ ನೆನಪಾಯಿತು. ಬೆಳಿಗ್ಗೆ ಎದ್ದಾಗ ಬುಟ್ಟಿ ಖಾಲಿ ಇತ್ತು, ಅಮ್ಮ "ಅದರಮ್ಮ ಬಂದು ಕರ್ಕೊಂಡ್ ಹೋದ್ಲು" ಅಂದಿದ್ದರು. ನಲವತ್ತು ವರ್ಷ ನಾನು ಅದನ್ನು ನಂಬಿಕೊಂಡೇ ಇದ್ದೆ ಅನಿಸುತ್ತದೆ.

ಗಿಳಿ ವಿಷಯ ವಾಪಸ್ ತೆಗೆದುಕೊಂಡೆ. ಆದರೆ ಲವ್ ಬರ್ಡ್ಸ್ ಎಲ್ಲ ಕಡೆ ಮಾರುತ್ತಾರಲ್ಲ, ಅದೂ ಅಪರಾಧವಾ?

ಕಾಡು ಸುತ್ತೋಣ

ಅಲ್ಲ. ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಹೆಚ್ಚಾಗಿ ಬಜರಿಗಾರ್, ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದು ಬೇರೆ ಜಾತಿ. ಬಜರಿಗಾರ್‌ಗಳು ತಲೆಮಾರುಗಳಿಂದ ಪಂಜರದಲ್ಲೇ ಮರಿ ಮಾಡಿಕೊಂಡು ಬಂದಿವೆ, ಸಾಕಲು ಅಡ್ಡಿಯಿಲ್ಲ. ಒಂದೇ ತರಬೇಡಿ, ಜೋಡಿ ಬೇಕು. ಪಂಜರ ಎತ್ತರ ಇದ್ದರೆ ಸಾಲದು, ಅಡ್ಡಕ್ಕೆ ಹಾರುವಷ್ಟು ಉದ್ದ ಇರಬೇಕು. ಬರೀ ಕಾಳು ಹಾಕಬೇಡಿ, ಸೊಪ್ಪು ಕೊಡಿ. ನವಣೆ ತೆನೆ ಸಿಕ್ಕರೆ ತೂಗುಹಾಕಿ, ಹಬ್ಬ ಮಾಡುತ್ತವೆ.

ಒಂದು ಎಚ್ಚರ. ನಾನ್‌ಸ್ಟಿಕ್ ಹೆಂಚು ಜಾಸ್ತಿ ಕಾದರೆ ಬರುವ ಹೊಗೆ ಹಕ್ಕಿಗೆ ವಿಷ. ನಮಗೆ ವಾಸನೆಯೂ ಗೊತ್ತಾಗದು, ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಹಕ್ಕಿ ತರುವ ಮನೆಯಲ್ಲಿ ದೋಸೆ ಕಬ್ಬಿಣದ ಹೆಂಚಿನಲ್ಲೇ ಆಗಬೇಕು.

ಬನಶಂಕರಿ ಅಮ್ಮ

ಕಬ್ಬಿಣದ ಹೆಂಚು ಅಂದ ಕೂಡಲೇ ಅತ್ತೆಗೆ ಹಕ್ಕಿ ಇಷ್ಟವಾಗಿಬಿಟ್ಟಿದೆ. ಆರು ವರ್ಷದಿಂದ ನನಗೆ ಹೇಳುತ್ತಿರುವುದು ಅದನ್ನೇ.

ಪಶುವೈದ್ಯೆ

ಅತ್ತೆಗೆ ಹಕ್ಕಿ ಇಷ್ಟವಾದರೂ ಅವರ ಉಬ್ಬಸಕ್ಕೆ ಹಕ್ಕಿ ಆಗಿಬರುವುದಿಲ್ಲ. ಪುಕ್ಕದ ಪುಡಿ, ಹಿಕ್ಕೆಯ ಧೂಳು ಗಾಳಿಯಲ್ಲಿ ಇದ್ದೇ ಇರುತ್ತದೆ. ಮೊಲಕ್ಕೆ, ಗಿನಿ ಪಿಗ್‌ಗೆ ಹಾಕುವ ಒಣಹುಲ್ಲಿನ ಧೂಳೂ ಹಾಗೇ. ಅವರ ಡಾಕ್ಟರನ್ನು ಒಂದು ಮಾತು ಕೇಳಿ ಮುಂದೆ ಹೋಗಿ.

ನಮ್ಮಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಮಗು ಎಚ್ಚರ ಇರುವ ಹೊತ್ತಿನಲ್ಲಿ ಆ ಪ್ರಾಣಿ ಎಚ್ಚರ ಇರುತ್ತದಾ? ಹ್ಯಾಮ್‌ಸ್ಟರ್ ತೆಗೆದುಕೊಳ್ಳಿ. ನೋಡಲು ಮುದ್ದು, ಗೂಡು ಸಣ್ಣದು, ಮಕ್ಕಳಿಗೆ ಹೇಳಿ ಮಾಡಿಸಿದ್ದು ಅನಿಸುತ್ತದೆ. ಆದರೆ ಅದು ಹಗಲೆಲ್ಲ ಮಲಗುತ್ತದೆ. ಮಗು ಸ್ಕೂಲಿನಿಂದ ಬಂದು ಬೆರಳಲ್ಲಿ ತಿವಿದು ಎಬ್ಬಿಸಿದರೆ ಕಚ್ಚುತ್ತದೆ, ಯಾರಾದರೂ ಕಚ್ಚುತ್ತಾರೆ. ಮಗು ಮಲಗಿದ ಮೇಲೆ ಎದ್ದು ಬೆಳಗಿನ ಜಾವದ ತನಕ ಚಕ್ರ ತಿರುಗಿಸುತ್ತದೆ. ಆ ಸದ್ದು ಕೇಳಿಸಿಕೊಳ್ಳುವವರು ನೀವು. ಆಯಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ಒಂಟಿಯಾಗಿರುವ ಜೀವ ಅದು. ಸಿರಿಯನ್ ಹ್ಯಾಮ್‌ಸ್ಟರ್ ಎರಡನ್ನು ಒಟ್ಟಿಗೆ ಹಾಕಿದರೆ ಒಂದನ್ನೊಂದು ಕೊಲ್ಲುವ ತನಕ ಜಗಳ ಆಡುತ್ತವೆ.

ತುಪ್ಪಳದ ಪ್ರಾಣಿಯೇ ಬೇಕು ಅಂದರೆ ನಾನು ಗಿನಿ ಪಿಗ್ ಹೇಳುತ್ತೇನೆ, ಅದೂ ಮಗುವಿಗೆ ಏಳೆಂಟು ವರ್ಷ ಆದ ಮೇಲೆ. ಹಗಲಲ್ಲಿ ಓಡಾಡುತ್ತದೆ, ಕಚ್ಚುವುದು ಅಪರೂಪ, ಫ್ರಿಜ್ ಬಾಗಿಲು ತೆಗೆದ ಸದ್ದಿಗೆ ವೀಕ್ ವೀಕ್ ಅಂತ ಕೂಗಿ ಕರೆಯುತ್ತದೆ. ನಮ್ಮ ಹಾಗೆಯೇ ಅದರ ಮೈ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ. ದಿನಾ ಒಂದು ತುಂಡು ದೊಣ್ಣೆ ಮೆಣಸಿನಕಾಯಿ ಕೊಡಬೇಕು, ಇಲ್ಲದಿದ್ದರೆ ಕೀಲು ಊದಿ ಕೂತಲ್ಲೇ ಕೂರುತ್ತದೆ. ಒಂದೇ ಲಿಂಗದ ಎರಡು ಬೇಕು. ಐದರಿಂದ ಏಳು ವರ್ಷ ಬಾಳುತ್ತದೆ. ನಿಮ್ಮ ಬಡಾವಣೆಯಲ್ಲಿ ನಾಯಿ ಬೆಕ್ಕಿನ ಡಾಕ್ಟರ್ ಇರುತ್ತಾರೆ, ಆದರೆ ಇಂಥ ಸಣ್ಣ ಪ್ರಾಣಿ ನೋಡಿ ಅಭ್ಯಾಸ ಇರುವವರು ಕಡಿಮೆ. ತರುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ನ್ಯೂಜೆರ್ಸಿ ಕನ್ನಡತಿ

ನಮ್ಮ ಮನೆಯಲ್ಲಿ ಎರಡು ಗಿನಿ ಪಿಗ್ ಇವೆ, ಡಾಕ್ಟರಮ್ಮ ಹೇಳಿದ್ದು ಅಕ್ಷರಶಃ ನಿಜ. ದೊಡ್ಡ ಕೆಲಸ ಗೂಡು ಗುಡಿಸುವುದು. ದಿನಕ್ಕೆ ನೂರಕ್ಕಿಂತ ಜಾಸ್ತಿ ಹಿಕ್ಕೆ ಹಾಕುತ್ತವೆ, ನಾನು ಸುಮ್ನೆ ಹೇಳುತ್ತಿಲ್ಲ.

ಯಾರೂ ಪುಟ್ಟ ಹಸಿರು ಆಮೆ ಬಗ್ಗೆ ಹೇಳಲಿಲ್ಲವಲ್ಲ? ಊರಿಗೆ ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ ನೋಡಿದ್ದೇನೆ, ಕಿವಿಯ ಹತ್ತಿರ ಕೆಂಪು ಪಟ್ಟೆ ಇರುತ್ತದೆ. ನಾಣ್ಯದಷ್ಟಿರುವಾಗ ಮಾರುತ್ತಾರೆ, ಊಟದ ತಟ್ಟೆಯಷ್ಟಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಇಲ್ಲಿ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದಾರೆ. ಮಕ್ಕಳು ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅಂಟಿಸಿಕೊಳ್ಳುತ್ತಿದ್ದರು.

ಕಾಡು ಸುತ್ತೋಣ

ಮತ್ತೆ, ಸಾಕಲು ಆಗದವರು ಅದನ್ನು ಕೆರೆಗೆ ಬಿಡುತ್ತಾರೆ. "ಪುಣ್ಯ ಬರುತ್ತೆ" ಅಂತ ದೇವಸ್ಥಾನದ ಕಲ್ಯಾಣಿಗೂ ಬಿಡುತ್ತಾರೆ. ಅದು ನಮ್ಮ ಆಮೆಗಳ ಜಾಗ, ಮೇವು ಎರಡನ್ನೂ ಕಸಿಯುತ್ತದೆ. ದಯವಿಟ್ಟು ಬಿಡಬೇಡಿ.

ಗಪ್ಪಿ ಗುಂಡ

ಅಂತೂ ಎಲ್ಲರೂ ಸುಸ್ತಾದಿರಿ. ಈಗ ನನ್ನ ಸರದಿ. ಮೀನು! ಉಬ್ಬಸ ಇಲ್ಲ, ಸದ್ದಿಲ್ಲ, ಕಚ್ಚುವುದಿಲ್ಲ.

ಆದರೆ ಗಾಜಿನ ಬುಂಡೆಯಲ್ಲಿ ಒಂದು ಗೋಲ್ಡ್ ಫಿಶ್, ಅದು ಬೇಡ. ಗೋಲ್ಡ್ ಫಿಶ್ ಗೇಣುದ್ದ ಬೆಳೆಯುವ ಮೀನು, ಹತ್ತು ವರ್ಷಕ್ಕೂ ಹೆಚ್ಚು ಬದುಕಬೇಕಾದದ್ದು. ಬುಂಡೆಯಲ್ಲಿ ಹತ್ತು ದಿನಕ್ಕೆ ಸಾಯುತ್ತದೆ, ನಾವು "ಮೀನಿನ ಆಯಸ್ಸೇ ಅಷ್ಟು" ಅಂದುಕೊಳ್ಳುತ್ತೇವೆ. ಕೊಲ್ಲುವುದು ಅದರ ಗಲೀಜಿನಿಂದಲೇ ಹುಟ್ಟುವ ಅಮೋನಿಯಾ. ಆ ಅಮೋನಿಯಾವನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ಮೊದಲು ತೊಟ್ಟಿ ತನ್ನಿ, ನೀರು, ಗಿಡ, ಫಿಲ್ಟರ್ ಹಾಕಿ ಓಡಿಸಿ. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಕೊಳೆತು ಬ್ಯಾಕ್ಟೀರಿಯಾಗೆ ಮೇವಾಗಲಿ. ಒಂದೂವರೆ ತಿಂಗಳಾದ ಮೇಲೆ ಮೀನು. ನಿಮಗೆ ಎರಡು ತಿಂಗಳಿದೆ, ಸರಿಯಾಗಿ ಹೊಂದುತ್ತದೆ. ಆ ಖಾಲಿ ತೊಟ್ಟಿ ಮುಂದೆ ಮಗು ಕಾಯಬೇಕಲ್ಲ, ಮಜಾ ಇರುವುದೇ ಅಲ್ಲಿ.

ಯಾವ ಮೀನು? ಕೊಳವೆಬಾವಿ ನೀರಾದರೆ ಗಪ್ಪಿ. ನಮ್ಮೂರ ಬೋರ್ ನೀರು ಗಡಸು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ. ಗಪ್ಪಿಗೆ ಅದೇ ಇಷ್ಟ. ನಲ್ಲಿ ನೀರಾದರೆ ಕ್ಲೋರಿನ್ ಹೋಗುವ ಹನಿ ಹಾಕಿ ಬಳಸಿ. ನಲವತ್ತು ಲೀಟರ್ ತೊಟ್ಟಿ ಸಾಕು, ಆದರೆ ನೀರೇ ನಲವತ್ತು ಕಿಲೋ ತೂಗುತ್ತದೆ, ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಚೆಲ್ಲಿ ಉಜ್ಜಿ ತೊಳೆಯಬೇಡಿ. ನೀವು ಊರಿಗೆ ಹೋದರೆ ದೊಡ್ಡ ಮೀನುಗಳು ನಾಲ್ಕೈದು ದಿನ ಮೇವಿಲ್ಲದೆ ಆರಾಮಾಗಿರುತ್ತವೆ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗುವುದೇ ಅಪಾಯ, ಪ್ರೀತಿಯಿಂದ ಅರ್ಧ ಡಬ್ಬಿ ಸುರಿಯುತ್ತಾರೆ.

ಗಂಡು ಗಪ್ಪಿ ಮಾತ್ರ ತನ್ನಿ. ಹೆಣ್ಣು ಬಂದರೆ ತಿಂಗಳಿಗೊಮ್ಮೆ ಮರಿ. ಮೊಲದ ಅಪ್ಪನವರ ಕಥೆಯೇ, ನೀರಿನೊಳಗೆ.

ಎರಡು ಮೊಲದ ಅಪ್ಪ

ನನ್ನನ್ನು ಬಿಡಿ ಮಾರಾಯರೇ.

ಬನಶಂಕರಿ ಅಮ್ಮ

ಮೀನು ಅಂದೆ. "ಮೀನನ್ನ ಮುಟ್ಟೋಕಾಗಲ್ಲ, ಹೆಸರಿಟ್ಟು ಕರೆದ್ರೆ ಬರಲ್ಲ" ಅಂತ ಮುಖ ಊದಿಸಿಕೊಂಡಿದ್ದಾಳೆ. ಅವಳಿಗೆ ಕೈಯಲ್ಲಿ ಹಿಡಿಯಬೇಕು.

ರಾಯಚೂರ ಬಿಸಿಲು

ಮೇಡಂ, ಬೆಂಗಳೂರಿನವರ ಭಾಗ್ಯ, ಇಷ್ಟೆಲ್ಲ ಆರಿಸಬಹುದು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮೊಲ, ಗಿನಿ ಪಿಗ್ ಬೆವರುವ ಪ್ರಾಣಿಗಳಲ್ಲ, 30 ಡಿಗ್ರಿಗೇ ಏದುಸಿರು ಬಿಡುತ್ತವೆ. ನಮ್ಮ ಅಣ್ಣನ ಮಕ್ಕಳ ಮೊಲಕ್ಕೆ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿ ಇಡುತ್ತಿದ್ದೆವು. ಗೂಡಿನ ಮೇಲೆ ಒದ್ದೆ ಗೋಣಿಚೀಲ. ಕರೆಂಟ್ ಹೋದ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಷ್ಟೇ. ಬಿಸಿಲು ಸೀಮೆಯವರು ಓದುತ್ತಿದ್ದರೆ ಇದನ್ನು ನೆನಪಿಡಿ.

ಬೀದಿನಾಯಿ ಬಳಗ

ಯಜಮಾನರನ್ನು ಒಪ್ಪಿಸಿ, ಒಂದು ನಾಡು ನಾಯಿ ಮರಿ ದತ್ತು ತೆಗೆದುಕೊಳ್ಳಿ. ಹೆಸರಿಟ್ಟು ಕರೆದರೆ ಬರುತ್ತದೆ, ಮುಟ್ಟಬಹುದು, ಎಲ್ಲ ಸಮಸ್ಯೆ ಮುಗಿಯಿತು.

ಪಶುವೈದ್ಯೆ

ನಾಯಿ ನನಗೂ ಪ್ರಾಣ. ಆದರೆ ಬೇಡ ಅನ್ನುವವರು ಒಬ್ಬರು ಮನೆಯಲ್ಲಿದ್ದರೆ ತರಬಾರದು. ಆರು ತಿಂಗಳ ಮೇಲೆ ಬೀದಿಗೆ ಬರುವುದು ಇಂಥ ಮನೆಯ ಮರಿಗಳೇ.

ಶಿಡ್ಲಘಟ್ಟದವನು (ಮಂಗಳವಾರ ರಾತ್ರಿ)

ಎರಡು ದಿನದಿಂದ ಓದುತ್ತಿದ್ದೇನೆ, ಹೇಳಲೋ ಬೇಡವೋ ಅಂತ ಸುಮ್ಮನಿದ್ದೆ. ನಗಬೇಡಿ. ರೇಷ್ಮೆ ಹುಳ ಯಾಕಾಗಬಾರದು?

ನಮ್ಮದು ರೇಷ್ಮೆ ಸಾಕುವ ಮನೆ. ನಾನು ಆಡಿ ಬೆಳೆದದ್ದೇ ಹುಳದ ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ನಡುವೆ. ಕೈ ಮೇಲೆ ಬಿಟ್ಟುಕೊಂಡರೆ ತಣ್ಣಗೆ, ಮೆತ್ತಗೆ ಹರಿಯುತ್ತದೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಕಂಬಳಿ ಹುಳದ ಹಾಗೆ ತುರಿಕೆ ಇಲ್ಲ. ಡಬ್ಬಿಗೆ ಮುಚ್ಚಳ ಇಲ್ಲದಿದ್ದರೂ ಸೊಪ್ಪು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಇದ್ದು ಅದಕ್ಕೆ ಕಾಡು ಮರೆತುಹೋಗಿದೆ. ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ. ಹತ್ತು ವರ್ಷದ ಮಾತು ಕೊಡುವ ಮೊದಲು ಮಗಳು ಒಂದೂವರೆ ತಿಂಗಳು ಸೊಪ್ಪು ಹಾಕುತ್ತಾಳಾ ನೋಡಿ.

ಎಳೆ ಹುಳ ಸಾಕಿ ಕೊಡುವ ಚಾಕಿ ಕೇಂದ್ರದಲ್ಲಿ ಎರಡನೇ ಜ್ವರ ಮುಗಿಸಿದ ಹುಳ ಸಿಗುತ್ತದೆ. ನಮ್ಮ ಕಡೆ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ಹುಳ ಹಾಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಹುಷಾರು, ಅಲ್ಲಿ ಹೋಗಿ "ನೂರು ಮೊಟ್ಟೆ ಕೊಡಿ" ಅನ್ನಬೇಡಿ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ ಮೊಟ್ಟೆ. ನೂರು ಮೊಟ್ಟೆ ಅಂದರೆ ನಲವತ್ತು ಐವತ್ತು ಸಾವಿರ ಹುಳ ಮನೆಗೆ ಬರುತ್ತದೆ. ಪರಿಚಯದ ರೈತರ ಹತ್ತಿರ ಇಪ್ಪತ್ತು ಹುಳ ಕೇಳಿ, ದುಡ್ಡೂ ತೆಗೆದುಕೊಳ್ಳುವುದಿಲ್ಲ.

ಸೊಪ್ಪು ಹಿಪ್ಪುನೇರಳೆಯದೇ ಆಗಬೇಕು, ಬೇರೆ ಏನನ್ನೂ ಮೂಸುವುದಿಲ್ಲ. ಹಾಗಾಗಿ ಮೊದಲು ಮರ ಹುಡುಕಿ, ಆಮೇಲೆ ಹುಳ. ಔಷಧಿ ಹೊಡೆದ ಸೊಪ್ಪು ಬೇಡ. ಒದ್ದೆ ಸೊಪ್ಪು ಹಾಕಬೇಡಿ. ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಸತ್ತಿದೆ ಅಂತ ಬಿಸಾಡಬೇಡಿ, ಮುಟ್ಟಬೇಡಿ, ಸೊಪ್ಪೂ ಹಾಕಬೇಡಿ. ಒಂದು ದಿನ ಕಳೆದರೆ ಪೊರೆ ಬಿಟ್ಟು ಏಳುತ್ತದೆ. ಇರುವೆ, ಹಲ್ಲಿ ಬರದ ಹಾಗೆ ನೋಡಿಕೊಳ್ಳಿ. ಸೊಳ್ಳೆ ಬತ್ತಿ, ಸೊಳ್ಳೆ ಮೆಷಿನ್ ಆ ಕೋಣೆಯಲ್ಲಿ ಹಚ್ಚಲೇಬಾರದು. ಒಂದೇ ರಾತ್ರಿಗೆ ಎಲ್ಲಾ ಹೋಗುತ್ತವೆ.

ಗಪ್ಪಿ ಗುಂಡ

ಹುಳ ಸಾಕು ಅಂತ ಮಗುವಿಗೆ ಹುಟ್ಟುಹಬ್ಬದ ಉಡುಗೊರೆಯಾ? ಎಲ್ಲಾ ಬಿಟ್ಟು ಇದು ಜಾಸ್ತಿಯಾಯಿತು.

ಪಶುವೈದ್ಯೆ

ನನಗೆ ಇದು ಬಹಳ ಹಿಡಿಸಿತು. ಒಂದೇ ಮಾತು: ಚಿಟ್ಟೆಯ ರೆಕ್ಕೆಯಿಂದ ಉದುರುವ ಪುಡಿ ಉಬ್ಬಸದವರಿಗೆ ಆಗುವುದಿಲ್ಲ. ಗೂಡು ಒಡೆಯುವ ಹೊತ್ತಿಗೆ ಡಬ್ಬಿಯನ್ನು ಬಾಲ್ಕನಿಗೆ ಹಾಕಿ, ಅತ್ತೆಯ ಕೋಣೆಯಿಂದ ದೂರ.

ಬನಶಂಕರಿ ಅಮ್ಮ (ಎರಡು ವಾರದ ನಂತರ)

ಬಂದಿವೆ! ಯಜಮಾನರ ಸಹೋದ್ಯೋಗಿಯ ಊರು ವಿಜಯಪುರದ ಹತ್ತಿರ, ದೇವನಹಳ್ಳಿ ತಾಲ್ಲೂಕು. ಇಪ್ಪತ್ತು ಕೇಳಿದ್ದಕ್ಕೆ ಒಂದು ಮುಷ್ಟಿ ಕೊಟ್ಟು ಕಳಿಸಿದ್ದಾರೆ, ಎಣಿಸಿದರೆ ಮೂವತ್ತೇಳು. ಶೂ ಡಬ್ಬಿಯಲ್ಲಿ ಇಟ್ಟಿದ್ದೇವೆ. ಹಿಪ್ಪುನೇರಳೆ ಮರ ನಮ್ಮ ಪಾರ್ಕಿನಲ್ಲೇ ಇತ್ತು, ಎಂಟು ವರ್ಷದಿಂದ ಅದರ ಕೆಳಗೇ ನಡೆದಿದ್ದೇನೆ, ಗೊತ್ತೇ ಇರಲಿಲ್ಲ.

ಮೊದಲ ದಿನ ಮಗಳು "ಇದಕ್ಕೆ ಕಿವಿ ಇಲ್ಲ" ಅಂತ ಅತ್ತಳು. ಮೊಲದ ಕಿವಿ ತಲೆಯಲ್ಲಿತ್ತು ಅನಿಸುತ್ತದೆ. ಎರಡನೇ ದಿನ ಕೈ ಮೇಲೆ ಬಿಟ್ಟುಕೊಂಡಳು. ಮೂರನೇ ದಿನ ಮೂವತ್ತೇಳಕ್ಕೂ ಹೆಸರು. ಎಲ್ಲವೂ ಒಂದೇ ಥರ ಇವೆ, ಯಾವುದಕ್ಕೆ ಯಾವ ಹೆಸರು ಅಂತ ಅವಳಿಗೆ ಮಾತ್ರ ಗೊತ್ತು.

ಬನಶಂಕರಿ ಅಮ್ಮ (ಇನ್ನೊಂದು ವಾರ, ರಾತ್ರಿ ಹನ್ನೊಂದು)

ಶಿಡ್ಲಘಟ್ಟದ ಅಣ್ಣಾ, ಇಷ್ಟು ತಿನ್ನುತ್ತವೆ ಅಂತ ನೀವು ಹೇಳಲಿಲ್ಲ! ನಾಲ್ಕನೇ ಜ್ವರ ಎದ್ದ ಮೇಲೆ ದಿನಕ್ಕೆ ನಾಲ್ಕು ಸಲ ಸೊಪ್ಪು. ರಾತ್ರಿ ಮನೆ ನಿಶ್ಶಬ್ದ ಆದಾಗ ಡಬ್ಬಿಯಿಂದ ಮಳೆ ಹನಿಯುವ ಹಾಗೆ ಸದ್ದು. ಅತ್ತೆ ಎದ್ದು ಕಿಟಕಿ ಹಾಕಲು ಹೋಗಿದ್ದರು.

ಶಿಡ್ಲಘಟ್ಟದವನು

ಆ ಸದ್ದು ಕೇಳದೆ ನನಗೆ ಬೆಂಗಳೂರಲ್ಲಿ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ ಮೇಡಂ. ಹುಳ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಏಳೆಂಟು ದಿನದಲ್ಲೇ. ಆಮೇಲೆ ತಿನ್ನುವುದು ಬಿಟ್ಟು, ಮೈ ಪಾರದರ್ಶಕ ಆಗಿ, ತಲೆ ಎತ್ತಿ ಓಲಾಡುತ್ತದೆ. ಹುಳ ಹಣ್ಣಾಯಿತು ಅನ್ನುತ್ತೇವೆ. ಚಂದ್ರಿಕೆ ಇಲ್ಲದಿದ್ದರೆ ಕೋಳಿಮೊಟ್ಟೆ ಜೋಡಿಸುವ ರಟ್ಟಿನ ಟ್ರೇ ಕೊಡಿ, ಗುಳಿಯಲ್ಲಿ ಕೂತು ಗೂಡು ಕಟ್ಟುತ್ತದೆ.

ಬನಶಂಕರಿ ಅಮ್ಮ (ಹತ್ತು ದಿನ ಬಿಟ್ಟು)

ಮೂವತ್ತೊಂದು ಗೂಡು ಆಗಿವೆ, ಎಲ್ಲಾ ತೆಳು ಹಳದಿ. ಆರು ಹುಳ ಸತ್ತವು, ಮಗಳ ಕಣ್ಣೆದುರೇ. "ಅದರಮ್ಮ ಬಂದಳು" ಅನ್ನುವುದು ಬಾಯಿಗೆ ಬಂದಿತ್ತು, ಹಳೇ ಮೈಸೂರು ಅವರ ಮಾತು ನೆನಪಾಗಿ ಸುಮ್ಮನಾದೆ. ಸತ್ತಿದೆ ಅಂತಲೇ ಹೇಳಿದೆ. ತುಳಸಿ ಕುಂಡದಲ್ಲಿ ಮಣ್ಣು ಮಾಡಿದಳು.

ಕಷ್ಟ ಬಂದದ್ದು ನಿನ್ನೆ. ಅತ್ತೆ ಮದುವೆಗೆ ಹೋಗಲು ಮೈಸೂರು ಸಿಲ್ಕ್ ಸೀರೆ ಉಟ್ಟು ನಿಂತಿದ್ದರು. ಮಗಳು ಗೂಡು ಮುಟ್ಟಿ ನೋಡಿದಳು, ಸೆರಗು ಮುಟ್ಟಿ ನೋಡಿದಳು. "ಅಜ್ಜಿ, ಇದರೊಳಗಿದ್ದ ಹುಳ ಏನಾಯ್ತು?" ಅಂತ ಕೇಳಿದಳು. ನಾನು ಯಜಮಾನರ ಮುಖ ನೋಡಿದೆ, ಅವರು ಫೋನ್ ನೋಡಿದರು. ಅತ್ತೆಯೇ ಉತ್ತರ ಕೊಟ್ಟರು. "ಬಿಸಿನೀರಲ್ಲಿ ಹಾಕ್ತಾರೆ ಕಂದಾ, ಸಾಯುತ್ತೆ. ಆಮೇಲೆ ನೂಲು ತೆಗೀತಾರೆ." ಮಗಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಗೂಡುಗಳನ್ನು ಎತ್ತಿಕೊಂಡು ಹೋಗಿ ತನ್ನ ಹಾಸಿಗೆ ಪಕ್ಕ ಇಟ್ಟುಕೊಂಡಳು.

ಶಿಡ್ಲಘಟ್ಟದವನು

ನಿಮ್ಮ ಅತ್ತೆ ದೊಡ್ಡವರು. ನಾನು ಚಿಕ್ಕವನಿದ್ದಾಗ ಇದೇ ಪ್ರಶ್ನೆ ನಮ್ಮಪ್ಪನನ್ನು ಕೇಳಿದ್ದೆ. "ಅದೇ ನಿನ್ನ ಸ್ಕೂಲ್ ಫೀಸು" ಅಂದಿದ್ದರು. ಅದೂ ನಿಜವೇ.

ಬಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಗೂಡಿನ ತುದಿ ನೆನೆಸಿ ತೂತು ಮಾಡಿಕೊಂಡು ಚಿಟ್ಟೆ ಬರುತ್ತದೆ. ಚಿಟ್ಟೆಗೆ ಬಾಯಿ ಕೆಲಸ ಮಾಡುವುದಿಲ್ಲ, ಏನೂ ತಿನ್ನದು. ಕೆಲವೇ ದಿನದ ಬದುಕು, ಇದನ್ನು ಮಗಳಿಗೆ ಮೊದಲೇ ಹೇಳಿಡಿ.

ಬನಶಂಕರಿ ಅಮ್ಮ (ಹುಟ್ಟುಹಬ್ಬದ ಮರುದಿನ)

ಚಿಟ್ಟೆಗಳು ಬಂದವು, ಬಾಲ್ಕನಿಯಲ್ಲೇ ಇವೆ. ಮದುವೆಯೂ ಆಯಿತು. ಈಗ ರಟ್ಟಿನ ತುಂಬಾ ಸಾಸಿವೆ ಚೆಲ್ಲಿದ ಹಾಗೆ ಮೊಟ್ಟೆ. ಒಂದೊಂದು ಚಿಟ್ಟೆ ನಾನೂರು ಐನೂರು ಇಟ್ಟಿದೆ. ಹೆಣ್ಣು ಚಿಟ್ಟೆ ಹದಿನಾಲ್ಕು ಇವೆ. ನೀವೇ ಗುಣಿಸಿ. ಅಣ್ಣಾ, ಮುಂದೇನು? ಹುಳ ಕೊಟ್ಟ ರೈತರಿಗೇ ವಾಪಸ್ ಕೊಡಲಾ?

ಎರಡು ಮೊಲದ ಅಪ್ಪ

ಆರು ಮರಿಗೆ ನಾನು ಅತ್ತಿದ್ದೆ. ನಮಸ್ಕಾರ.

ಶಿಡ್ಲಘಟ್ಟದವನು

ರೈತರಿಗೆ ಖಂಡಿತ ಕೊಡಬೇಡಿ. ಗಂಟು ರೋಗ ಅಂತ ಇದೆ, ತಾಯಿಯಿಂದ ಮೊಟ್ಟೆಗೇ ಬರುತ್ತದೆ. ರೈತರಿಗೆ ಮೊಟ್ಟೆ ತಯಾರಿಸಿ ಕೊಡುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಮೊಟ್ಟೆ ಕೊಡುವುದು. ಲೂಯಿ ಪಾಶ್ಚರ್ ಹೇಳಿಕೊಟ್ಟ ಕ್ರಮ, ಇವತ್ತಿಗೂ ಅದೇ. ಮನೆಯಲ್ಲಿ ಇಟ್ಟ ಮೊಟ್ಟೆ ಒಬ್ಬರ ಹುಳದ ಮನೆಗೆ ಹೋದರೆ ಇಡೀ ಬೆಳೆ ಹೋಗಬಹುದು. ರಟ್ಟಿನಿಂದ ಬೆರಳಗಲ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಉಳಿದದ್ದನ್ನು ಮಗಳು ಮಲಗಿದ ಮೇಲೆ ಸುಟ್ಟುಬಿಡಿ. ಅವಳಿಗೆ ಗೊತ್ತಾಗುವುದಿಲ್ಲ.

ಬನಶಂಕರಿ ಅಮ್ಮ

ಗೊತ್ತಾಗುತ್ತದೆ ಅಣ್ಣಾ. ಬೆಳಿಗ್ಗೆಯಿಂದ ಪೆನ್ಸಿಲ್ ಹಿಡಿದು ಎಣಿಸುತ್ತಾ ಕೂತಿದ್ದಾಳೆ. ಅವಳಿಗೆ ನೂರರ ತನಕ ಮಾತ್ರ ಬರುತ್ತದೆ. ನೂರಾದ ಕೂಡಲೇ ಒಂದು ಗೆರೆ ಹಾಕಿ, ಮತ್ತೆ ಒಂದರಿಂದ ಶುರು. ಈಗ ಏಳನೇ ಗೆರೆ.